ಕಾಲಿಗೆ ಕಟ್ಟದ ಚಕ್ರ: ಫ್ರೀಸ್ಕೇಟ್ ಮೇಲೆ ನಿಲ್ಲುವುದು ಹೇಗೆ?

ಫ್ರೀಸ್ಕೇಟ್ ಮೊದಲ ಸಲ ನೋಡಿದವರು ‘ಇದನ್ನ ಕಾಲಿಗೆ ಕಟ್ಟೋದು ಎಲ್ಲಿ?’ ಅಂತ ಕೇಳುತ್ತಾರೆ. ಕಟ್ಟುವುದೇ ಇಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಎರಡು ಪ್ಲೇಟು, ಕಾಲಿಗೊಂದು. ಪ್ರತಿ ಪ್ಲೇಟಿನ ಅಡಿಯಲ್ಲಿ ಒಂದರ ಹಿಂದೆ ಒಂದು ಎರಡು ಚಕ್ರ. ಮೇಲೆ ಸ್ಯಾಂಡ್‌ಪೇಪರಿನಂಥ ಗ್ರಿಪ್ ಟೇಪ್. ಅಷ್ಟೇ. ನಿಮ್ಮ ತೂಕ ಬಿಟ್ಟರೆ ಕಾಲನ್ನು ಅದರ ಮೇಲೆ ಹಿಡಿದಿಡುವುದು ಬೇರೇನೂ ಇಲ್ಲ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಯಾನ್ ಫಾರೆಲ್ಲಿ ಎಂಬಾತ ಇದನ್ನು ‘ಫ್ರೀಲೈನ್’ ಎಂಬ ಹೆಸರಿನಲ್ಲಿ ಶುರು ಮಾಡಿದ. ಈಗ ಬೇರೆ ಬೇರೆ ಕಂಪನಿಗಳೂ ಮಾಡುತ್ತವೆ.

ಮೊದಲು ಜಾಗ ಹುಡುಕಿ. ಚಕ್ರದ ವ್ಯಾಸ ಸಾಮಾನ್ಯವಾಗಿ 72 ಮಿಲಿಮೀಟರ್ ಆಸುಪಾಸು. ಜಲ್ಲಿಯ ಒಂದು ಚೂರು ಸಿಕ್ಕಿದರೂ ಚಕ್ರ ನಿಂತುಬಿಡುತ್ತದೆ, ನೀವು ಮಾತ್ರ ಮುಂದೆ ಹೋಗುತ್ತೀರಿ. ನಮ್ಮ ರಸ್ತೆಗಳ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ? ಸಿಮೆಂಟಿನ ಬ್ಯಾಡ್ಮಿಂಟನ್ ಅಂಕಣವೋ ಖಾಲಿ ಪಾರ್ಕಿಂಗ್ ಜಾಗವೋ ಒಳ್ಳೆಯದು. ನಾನು ಕಲಿತದ್ದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಕಾರುಗಳೆಲ್ಲ ಆಫೀಸಿಗೆ ಹೋದ ಮೇಲೆ. ತಲೆಗೆ ಹೆಲ್ಮೆಟ್, ಮಣಿಕಟ್ಟಿಗೆ ಗಾರ್ಡ್ ಇರಲಿ. ಕಾಲಿಗೆ ಚಪ್ಪಟೆ ರಬ್ಬರ್ ಅಡಿಯ ಕ್ಯಾನ್ವಾಸ್ ಶೂ ಸಾಕು. ದಪ್ಪ ಕುಶನ್ನಿನ ರನ್ನಿಂಗ್ ಶೂ ಹಾಕಿದರೆ ಅಡಿಯಲ್ಲಿ ಚಕ್ರ ಯಾವ ಕಡೆ ವಾಲುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ಆಮೇಲೆ ಮುಂದಿನ ಕಾಲು ಯಾವುದು ಅಂತ ನೋಡಿಕೊಳ್ಳಿ. ಫ್ರೀಸ್ಕೇಟಿನಲ್ಲಿ ಹೋಗುವುದು ಪಕ್ಕಕ್ಕೆ, ಅಂದರೆ ಒಂದು ಭುಜ ಮುಂದೆ ಮಾಡಿಕೊಂಡು. ಚಿಕ್ಕಂದಿನಲ್ಲಿ ಆಗಷ್ಟೇ ತೊಳೆದ ರೆಡ್ ಆಕ್ಸೈಡ್ ನೆಲದ ಮೇಲೆ ಓಡಿಬಂದು ಜಾರಿದ್ದು ನೆನಪಿದೆಯಾ? ಆಗ ಯಾವ ಕಾಲು ಮುಂದಿತ್ತೋ ಅದೇ.

ಈಗ ಹತ್ತುವುದು. ಗೋಡೆಯನ್ನು ಪಕ್ಕದಲ್ಲಿಟ್ಟುಕೊಂಡು ನಿಲ್ಲಬೇಡಿ, ಗೋಡೆಗೆ ಮುಖ ಮಾಡಿ ನಿಲ್ಲಿ. ಪಕ್ಕಕ್ಕೆ ಚಲಿಸುವ ಆಟವಾದ್ದರಿಂದ ಎರಡೂ ಕೈ ಗೋಡೆಯ ಮೇಲಿಟ್ಟು ಗೋಡೆಯುದ್ದಕ್ಕೂ ಸಾಗಬಹುದು. ಸ್ಕೇಟನ್ನು ನೆಲದ ಮೇಲಿಟ್ಟರೆ ಅದು ತಾನಾಗಿ ಒಂದು ಕಡೆ ವಾಲಿಕೊಳ್ಳುತ್ತದೆ. ಗಾಬರಿ ಬೇಡ, ಪಾದ ಊರಿದರೆ ಸಮವಾಗುತ್ತದೆ. ಚಕ್ರಗಳು ಹೋಗುವ ದಿಕ್ಕಿಗಿರಲಿ, ಪಾದ ಅದಕ್ಕೆ ಅಡ್ಡವಾಗಿರಲಿ. ಪಾದದ ನಡುಭಾಗ ಪ್ಲೇಟಿನ ಮಧ್ಯಕ್ಕೆ ಬರಬೇಕು. ಮುಂದಿನ ಕಾಲು ಮೊದಲು, ಹಿಂದಿನದು ಆಮೇಲೆ. ನಡುವೆ ಭುಜದಷ್ಟು ಅಂತರ, ಮಂಡಿ ಸ್ವಲ್ಪ ಬಾಗಿರಲಿ.

ಇಲ್ಲೇ ಎಲ್ಲರೂ ಪೇಚಾಡುವುದು. ನಿಂತ ಕೂಡಲೇ ಎರಡು ಕಾಲೂ ಒಂದೊಂದು ದಿಕ್ಕಿಗೆ ಹೊರಡುತ್ತವೆ. ಮೂರನೇ ದಿನ ನನ್ನವು ಹಾಗೆ ಹೊರಟು, ತೊಡೆಯ ಒಳಭಾಗ ಹಿಡಿದುಕೊಂಡು, ಒಂದು ವಾರ ಮೆಟ್ಟಿಲು ಇಳಿಯುವಾಗಲೆಲ್ಲ ಅಯ್ಯಯ್ಯೋ ಅನ್ನುತ್ತಿದ್ದೆ. ಎರಡು ಮಂಡಿಗಳ ನಡುವೆ ಫುಟ್‌ಬಾಲ್ ಇದೆ, ಅದು ಕೆಳಗೆ ಬೀಳಬಾರದು ಅಂದುಕೊಂಡು ತೊಡೆಗಳನ್ನು ಒಳಕ್ಕೆ ಹಿಡಿಯಿರಿ. ಆದರೂ ಕಾಲು ದೂರ ಸರಿಯಿತೇ? ಹಟ ಮಾಡದೆ ಇಳಿದುಬಿಡಿ. ಕಟ್ಟಿಲ್ಲದ್ದರ ದೊಡ್ಡ ಅನುಕೂಲವೇ ಇದು. ಬ್ರೇಕೂ ಸದ್ಯಕ್ಕೆ ಇದೇ: ಇಳಿದು ನಾಲ್ಕು ಹೆಜ್ಜೆ ಓಡುವುದು. ಹಾಗಾಗಿ ಗೋಡೆ ಬಿಡುವ ಮೊದಲು ಸುಮ್ನೆ ಹತ್ತಿ ಇಳಿಯುವುದನ್ನೇ ಇಪ್ಪತ್ತು ಸಲ ಮಾಡಿ. ಇಳಿದಾಗ ಸ್ಕೇಟ್ ಎತ್ತಲೋ ಹಾರುತ್ತದೆ, ಹತ್ತಿರ ಮಕ್ಕಳೂ ಪಕ್ಕದವರ ಕಾರೂ ಇಲ್ಲದಿರಲಿ.

ಅಲುಗಾಡದೆ ನಿಲ್ಲುವುದನ್ನು ಕಲಿತ ಮೇಲೆ ಚಲಿಸುತ್ತೇನೆ ಅಂದುಕೊಳ್ಳಬೇಡಿ. ಸೈಕಲ್ಲಿನ ಹಾಗೆ ಇದೂ ಓಡುವಾಗಲೇ ಸುಲಭ, ನಿಂತಾಗ ಕಷ್ಟ. ನೆಲವನ್ನು ಒದೆಯುವುದೂ ಬೇಡ, ಪಾದಗಳ ಅಲುಗಾಟದಿಂದಲೇ ವೇಗ ಹುಟ್ಟುತ್ತದೆ. ಇದನ್ನು ಹೇಗೆ ವಿವರಿಸಲಿ? ಮಜ್ಜಿಗೆ ಕಡೆಯುವ ಹಗ್ಗ ನೋಡಿದ್ದೀರಲ್ಲ. ಒಂದು ಕೈ ಹಿಂದಕ್ಕೆ ಬಂದರೆ ಇನ್ನೊಂದು ಮುಂದಕ್ಕೆ ಹೋಗುತ್ತದೆ. ಪಾದಗಳದ್ದೂ ಹಾಗೇ. ಒಂದು ಪಾದ ಬೆರಳಿನ ಕಡೆಗೆ ಹೋಗುವಾಗ ಇನ್ನೊಂದು ಹಿಮ್ಮಡಿಯ ಕಡೆಗೆ. ಮರುಕ್ಷಣ ಅದಲು ಬದಲು. ಹೀಗೆ ಎರಡು ಸ್ಕೇಟೂ ನೆಲದ ಮೇಲೆ ಹಾವಿನಂತೆ ಹೊರಳುತ್ತಾ ಮುಂದೆ ಸಾಗುತ್ತವೆ. ಮೊದಮೊದಲು ಜಾಸ್ತಿ ಬೇಡ, ಎರಡು ಮೂರು ಇಂಚು ಆಡಿಸಿದರೆ ಸಾಕು. ಬಲ ಹಾಕಿದಷ್ಟೂ ಲಯ ತಪ್ಪುತ್ತದೆ. ಗೋಡೆಯ ಮೇಲಿರುವ ಕೈ ನಿಮ್ಮನ್ನು ಎಳೆಯುತ್ತಿಲ್ಲ, ಬರೀ ತಾಗಿಕೊಂಡಿದೆ ಅನಿಸಿದ ದಿನ ಕೈ ಬಿಡಿ.

ನಾನು ಕೈ ಬಿಟ್ಟ ಮೇಲೂ ನಾಲ್ಕು ದಿನ ಮೊದಲ ಕಂಬ ದಾಟಲಿಲ್ಲ. ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ವಾಚ್‌ಮನ್ ಕೊನೆಗೆ ಹೇಳಿದರು: ‘ಸಾರ್, ನೀವು ಕಾಲು ನೋಡ್ಕೊಂಡಾಗೆಲ್ಲ ಬೀಳ್ತೀರಿ.’ ಸರಿಯಾಗಿತ್ತು. ತಲೆ ಬಗ್ಗಿದರೆ ಸೊಂಟ ಹಿಂದಕ್ಕೆ ಹೋಗುತ್ತದೆ, ತೂಕ ಹಿಮ್ಮಡಿಗೆ ಬೀಳುತ್ತದೆ. ಹೋಗುವ ದಿಕ್ಕಿಗೆ, ದೂರದ ಒಂದು ಗುರುತಿನ ಮೇಲೆ ಕಣ್ಣಿಡಿ. ನಾನು ಎದುರಿನ ನೀರಿನ ಪೈಪ್ ನೋಡಿಕೊಂಡು ಹೊರಟೆ. ಅವತ್ತೇ ಮೂರು ಕಂಬ ದಾಟಿದೆ.

ತಿರುಗುವುದಕ್ಕೆ ಬೇರೆ ಪಾಠ ಬೇಕಿಲ್ಲ. ಎರಡೂ ಪಾದಗಳ ಬೆರಳಿನ ಕಡೆ ಒತ್ತಿದರೆ ಆ ಕಡೆ, ಹಿಮ್ಮಡಿ ಒತ್ತಿದರೆ ಈ ಕಡೆ. ಭುಜ ಮೊದಲು ತಿರುಗಲಿ, ಕಾಲು ತಾನೇ ಹಿಂಬಾಲಿಸುತ್ತದೆ. ಹಿಮ್ಮಡಿಯ ಕಡೆಯ ತಿರುವಿಗೆ ಧೈರ್ಯ ಬರಲು ಇನ್ನೊಂದಿಷ್ಟು ದಿನ ಹಿಡಿಯಬಹುದು, ಬೆನ್ನ ಹಿಂದೆ ಏನಿದೆ ಅಂತ ಕಾಣುವುದಿಲ್ಲವಲ್ಲ.

ಮಳೆಗಾಲದಲ್ಲಿ ಒದ್ದೆ ನೆಲಕ್ಕೆ ಇಳಿಸಬೇಡಿ. ಚಕ್ರಕ್ಕೆ ಎರಡರಂತೆ ಒಂದು ಜೋಡಿಯಲ್ಲಿ ಎಂಟು ಬೇರಿಂಗ್ ಇರುತ್ತವೆ. ನೀರು ಹೋದರೆ ತುಕ್ಕು ಹಿಡಿದು ಕಿರ್ ಅನ್ನತೊಡಗುತ್ತವೆ. ಹಾಳಾದರೆ 608 ಅಳತೆಯ ಬೇರಿಂಗ್ ಕೇಳಿ. ಸ್ಕೇಟ್‌ಬೋರ್ಡಿಗೆ ಹಾಕುವುದೂ ಅದೇ.