ನಕ್ಷತ್ರದ ಚಾರ್ಟ್ ಮತ್ತು ಅಡಿಕೆ ಚೊಗರು

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಚರ್ಚಿನಲ್ಲಿ ಒಂಬತ್ತು ವರ್ಷದಿಂದ ಧರ್ಮೋಪದೇಶ ತರಗತಿ ನೋಡಿಕೊಳ್ಳುತ್ತಿದ್ದೇನೆ. ಭಾನುವಾರ ಪೂಜೆ ಮುಗಿದ ಮೇಲೆ ಒಂದು ಗಂಟೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು. ಹದಿನೈದು ಜನ ಬಂದರೆ ಜಾಸ್ತಿ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅರ್ಧವೂ ಇಲ್ಲ.

ಶುರುವಿನಲ್ಲೇ ಒಂದು ತಪ್ಪು ಮಾಡಿದೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ನಮಗೆ ಆಗಮನ ಕಾಲ. ಆಗ ಗೋಡೆಗೆ ಚಾರ್ಟ್ ಅಂಟಿಸಿ, ಒಂದು ಒಳ್ಳೆಯ ಕೆಲಸಕ್ಕೆ ಒಂದು ನಕ್ಷತ್ರ ಅಂದೆ. ಎರಡೇ ವಾರದಲ್ಲಿ ಒಬ್ಬ ಹುಡುಗ ಹನ್ನೊಂದು ನಕ್ಷತ್ರ ಗಳಿಸಿದ. ಅದರಲ್ಲೊಂದು ಹೇಗೆ ಬಂತು ಗೊತ್ತಾ? ಬಸ್‌ಸ್ಟಾಂಡಿನಲ್ಲಿ ಕೂತಿದ್ದ ಅಜ್ಜನ ಚೀಲವನ್ನು ತಾನೇ ಎತ್ತಿ ಬಸ್ಸಿಗೆ ಹಾಕಿದ್ದ. ಅಜ್ಜ ಕೊಪ್ಪಕ್ಕೆ ಹೋಗಬೇಕಿತ್ತು, ಬಸ್ಸು ಶಿವಮೊಗ್ಗದ್ದು! ಅಜ್ಜ ಕೂಗಾಡಿ ಚೀಲ ಇಳಿಸಿಕೊಂಡರಂತೆ.

ಮಕ್ಕಳ ಜೊತೆ ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಮೊದಲು ಅಜ್ಜನನ್ನು ಕೇಳಬೇಕು ಅಂತ ನಾನು ಹೇಳಿಕೊಟ್ಟೇ ಇರಲಿಲ್ಲ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸು ಹೇಳಿದ್ದು ಬೈಬಲಿನ ಮತ್ತಾಯನ ಆರನೇ ಅಧ್ಯಾಯದಲ್ಲಿದೆ. ನಾನು ಒಳ್ಳೆಯ ಕೆಲಸದ ಲೆಕ್ಕವನ್ನು ಗೋಡೆಗೇ ಅಂಟಿಸಿದ್ದೆ. ಮುಂದಿನ ವಾರ ಚಾರ್ಟ್ ತೆಗೆದೆ.

ಆಮೇಲೆ ಯೇಸು ಹೇಳಿದ ಸಮಾರಿಯದವನ ಕಥೆ ಹಿಡಿದೆವು. ಲೂಕ 10ನೇ ಅಧ್ಯಾಯ. ಜೆರುಸಲೇಮಿನಿಂದ ಜೆರಿಕೊಗೆ ಹೋಗುವ ದಾರಿ ಪೂರ್ತಿ ಇಳಿಜಾರು ಅಂದಾಗ, 'ನಮ್ಮ ಆಗುಂಬೆ ಘಾಟಿ ತರಾನಾ?' ಅಂದರು. ಆ ದಾರಿಯಲ್ಲಿ ಕಳ್ಳರು ಹೊಡೆದು ಬಿಸಾಕಿದವನ ಗಾಯಕ್ಕೆ ಸಮಾರಿಯದವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ಛತ್ರದವನ ಕೈಗೆ ಎರಡು ದಿನಾರಿ ಕೊಡುತ್ತಾನೆ. ಒಂದು ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. 'ಎರಡು ದಿನ ಅಡಿಕೆ ಕೊನೆ ಕೊಯ್ದ ದುಡ್ಡು ಪೂರ್ತಿ ಕೊಟ್ಟನಾ!' ಅಂತ ಒಬ್ಬನಿಗೆ ಆಶ್ಚರ್ಯ. ಬಿದ್ದವನು ಯೆಹೂದ್ಯನಿರಬೇಕು, ಯೆಹೂದ್ಯರಿಗೂ ಸಮಾರಿಯದವರಿಗೂ ಆಗುತ್ತಿರಲಿಲ್ಲ ಅಂದೆ. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳು, 'ಹಂಗಾರೆ ಬಿದ್ದೋನಿಗೆ ಪ್ರಜ್ಞೆ ಇದ್ದಿದ್ರೆ ಮುಟ್ಟಬೇಡ ಅಂತಿದ್ನೇನೋ, ಅಲ್ವಾ ಆಂಟಿ?' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಅದೇ ವಾರ ನಮ್ಮ ಪಕ್ಕದ ಕೇರಿಯ ಅಜ್ಜಿ ಜಾರಿ ಬಿದ್ದು ಕೈ ಮುರಿದುಕೊಂಡರು. ಅವರು ನಮ್ಮ ಚರ್ಚಿನವರಲ್ಲ. ಅರ್ಧ ಎಕರೆ ತೋಟ, ಅಂಗಳದಲ್ಲಿ ಕೊಯ್ದ ಕೊನೆ ರಾಶಿ. ಹಸಿ ಅಡಿಕೆ ಕಾಯುವುದಿಲ್ಲ, ಬೇಗ ಸುಲಿಯಬೇಕು. ನಾನು ಮೊದಲು ಒಬ್ಬಳೇ ಹೋಗಿ, 'ಮಕ್ಕಳನ್ನ ಕರ್ಕೊಂಡು ಬರ್ಲಾ?' ಅಂತ ಕೇಳಿದೆ. 'ಬರ್ಲಿ, ಆದ್ರೆ ಅಡಿಕೆ ಕೆಡಿಸ್ಬಾರ್ದು' ಅಂದರು.

ಮನೆಯವರ ಒಪ್ಪಿಗೆ ಇದ್ದ ಏಳು ಮಕ್ಕಳು, ಜೊತೆಗೆ ನಾನು, ಇನ್ನೊಬ್ಬರು ದೊಡ್ಡವರು. ಮಕ್ಕಳನ್ನು ಎಲ್ಲಿಗೇ ಕರೆದುಕೊಂಡು ಹೋದರೂ ಇಬ್ಬರು ದೊಡ್ಡವರು ಬೇಕೇ ಬೇಕು, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಫೋಟೋ ಬೇಡ, ಚರ್ಚಿನ ಮಾತೂ ಬೇಡ ಅಂತ ದಾರಿಯಲ್ಲೇ ಹೇಳಿದ್ದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದದ್ದು ನಾವಿಬ್ಬರು ಮತ್ತು ಮನೆಯಲ್ಲಿ ಸುಲಿದು ರೂಢಿಯಿದ್ದ ಪಿಯುಸಿ ಹುಡುಗ. ಉಳಿದವರು ಕೊನೆಯಿಂದ ಅಡಿಕೆ ಬಿಡಿಸಿದರು, ಸಿಪ್ಪೆ ಬುಟ್ಟಿಗೆ ತುಂಬಿದರು. ಮೊದಲ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿಯೇ ಶುರು ಮಾಡಿದರು. ಹುಡುಗ ಸುಲಿದ ಅಡಿಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ, 'ಗಾಯ ಮಾಡಿದ್ಯಲ್ಲೋ' ಅಂತ ಬೈದರು. ಅವನು ಮುಂದಿನದನ್ನು ನಿಧಾನಕ್ಕೆ ಸುಲಿದ. ನಕ್ಷತ್ರದ ಹುಡುಗ ಪ್ರತಿ ಬುಟ್ಟಿಗೂ 'ಇದು ಎಲ್ಲಿಡ್ಲಿ ಅಜ್ಜಿ?' ಅಂತ ಕೇಳುತ್ತಿದ್ದ. ಸ್ವಲ್ಪ ಜಾಸ್ತಿಯೇ ಕೇಳಿದ, ಪಾಪ.

ಎಲ್ಲರ ಕೈಗೂ ಚೊಗರು, ಅಂದರೆ ಅಡಿಕೆಯ ಕಲೆ. ಸೋಪಿಗೂ ಹೋಗಲಿಲ್ಲ. ಶಾಲೆಯಲ್ಲಿ ಕೇಳಿದರೆ ಏನು ಹೇಳ್ತೀರಿ ಅಂದೆ. 'ಅಡಿಕೆ ಸುಲಿದ್ವಿ ಅಂತೀವಿ, ಅಷ್ಟೇ' ಅಂದರು.

ಅಜ್ಜಿ ಕೈ ವಾಸಿಯಾಯಿತು. ಆದರೂ ಮುಂದಿನ ವರ್ಷ ಕೊನೆ ಕೊಯ್ಲಿನ ಹೊತ್ತಿಗೆ ಅವರಿಂದ ಹೇಳಿಕೆ ಬಂತು: ಹುಡುಗರು ಬರ್ತಾರಾ, ಆ ಮಾತಾಡದ ಹುಡುಗಿಯೂ ಬರ್ತಾಳಾ ಅಂತ.