ಒಂದು 4ಕೆ ಪರದೆ, ಪಕ್ಕದಲ್ಲೊಂದು ಹಳೆ ಪರದೆ: ಲಿನಕ್ಸ್‌ನಲ್ಲಿ ನನ್ನ ಅನುಭವ

ದಿನವಿಡೀ ಓದೋದು, ಬರೆಯೋದೇ ನನ್ನ ಕೆಲಸ. ಹಳೆಯ 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒತ್ತಕ್ಷರಗಳು ಕಲಸಿಹೋದಂತೆ ಕಾಣುತ್ತಿದ್ದವು. ಹಾಗಾಗಿ ಉದ್ದ, ಅಗಲ ಎರಡರಲ್ಲೂ ಅದರ ಎರಡರಷ್ಟು ಪಿಕ್ಸೆಲ್ (ಚುಕ್ಕಿ) ಇರುವ 27 ಇಂಚಿನ 4ಕೆ ಮಾನಿಟರ್ ತಂದೆ. ಹಳೆಯದನ್ನೂ ಪಕ್ಕದಲ್ಲೇ ಇಟ್ಟುಕೊಂಡೆ.

ಮೊದಲ ದಿನ ಮೌಸ್ ತಡವರಿಸುತ್ತಿತ್ತು. ನೋಡಿದರೆ ಪರದೆ 30 ಹರ್ಟ್ಸ್‌ನಲ್ಲಿತ್ತು, ಅಂದರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತಿತ್ತು. ಕಂಪ್ಯೂಟರಿನ ಎಚ್‌ಡಿಎಂಐ 1.4 ಕಿಂಡಿಯಿಂದ 4ಕೆಗೆ ಅಷ್ಟೇ ಸಿಗೋದು. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ ಮೇಲೆ 60 ಬಂತು.

ಆಮೇಲೆ ಅಕ್ಷರದ ಗಾತ್ರ. ಸ್ಕೇಲ್ (ಪರದೆಯಲ್ಲಿರುವುದನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನೋ ಅಳತೆ) 100% ಇಟ್ಟರೆ ಕಣ್ಣು ಕಿರಿದು ಮಾಡಿ ಓದಬೇಕು. 200% ಇಟ್ಟರೆ ಫುಲ್ ಎಚ್‌ಡಿಯಷ್ಟೇ ಜಾಗ, ಇಷ್ಟು ದೊಡ್ಡ ಪರದೆ ತಂದಿದ್ದಕ್ಕೆ ಏನು ಪ್ರಯೋಜನ? ನನಗೆ ಬೇಕಿದ್ದಿದ್ದು 150%. ಇಲ್ಲೇ ತೊಡಕು ಶುರುವಾಯಿತು. ಹೊಸ ಪರದೆಯಲ್ಲಿ ಇಂಚಿಗೆ ಸುಮಾರು 163 ಪಿಕ್ಸೆಲ್, ಹಳೆಯದರಲ್ಲಿ 92. ನಾನು ಆಗ ಎಕ್ಸ್11 ಬಳಸುತ್ತಿದ್ದೆ, ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆ ಅದು. ಅಲ್ಲಿ ಫಾಂಟಿನ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ, ಹೆಚ್ಚಿಸಿದರೆ ಅಕ್ಷರ ದೊಡ್ಡದಾಗುತ್ತದೆ) ಎಲ್ಲ ಪರದೆಗೂ ಸೇರಿ ಒಂದೇ. 150%ಗೆ ಸಮನಾದ 144 ಕೊಟ್ಟೆ. ಹೊಸದರಲ್ಲಿ ಚೆನ್ನಾಗಿತ್ತು, ಹಳೆಯದರಲ್ಲಿ ಅಕ್ಷರ ತೀರಾ ದೊಡ್ಡದು. ಪರದೆಯ ಸೆಟ್ಟಿಂಗ್ ಬದಲಿಸುವ ಎಕ್ಸ್‌ರ್ಯಾಂಡರ್ ಎಂಬ ಉಪಕರಣದಿಂದ ಹಳೆ ಪರದೆಯ ಚಿತ್ರವನ್ನು ಕುಗ್ಗಿಸಿ ನೋಡಿದೆ. ಗಾತ್ರ ಸರಿಹೋಯಿತು, ಆದರೆ ಅಕ್ಷರ ಮಸುಕು. ಓದೋದಕ್ಕೇ ತಂದ ಪರದೆ ಅಲ್ವಾ, ಮಸುಕು ಒಪ್ಪಲು ಮನಸ್ಸು ಬರಲಿಲ್ಲ.

ಕೊನೆಗೆ ಎಕ್ಸ್11ರ ಜಾಗಕ್ಕೆ ಬಂದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ಬಂದೆ. ಅಲ್ಲಿ ಪ್ರತಿ ಪರದೆಗೂ ಅದರದ್ದೇ ಸ್ಕೇಲ್. ಕಿಟಕಿಯನ್ನು ಒಂದರಿಂದ ಇನ್ನೊಂದಕ್ಕೆ ಎಳೆದರೆ ಗಾತ್ರ ತಾನಾಗಿಯೇ ಹೊಂದಿಕೊಳ್ಳುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಿಜಕ್ಕೂ ಖುಷಿಯಾಯಿತು. ನನ್ನ ಡೆಸ್ಕ್‌ಟಾಪ್ ಆಗಿದ್ದ ಗ್ನೋಮ್‌ನಲ್ಲಿ 150%ರ ಆಯ್ಕೆ ಕಾಣಲು, ಅದರ ಕಿಟಕಿಗಳನ್ನು ನೋಡಿಕೊಳ್ಳುವ ಮಟರ್‌ನ ಪ್ರಾಯೋಗಿಕ ಸೌಲಭ್ಯವೊಂದನ್ನು ಆನ್ ಮಾಡಬೇಕಾಯಿತು. ಆದರೂ ಎಕ್ಸ್‌ವೇಲ್ಯಾಂಡ್ (ಎಕ್ಸ್11ಗೆ ಬರೆದದ್ದನ್ನು ವೇಲ್ಯಾಂಡ್‌ನಲ್ಲಿ ಓಡಿಸುವ ಸೇತುವೆ) ಮೂಲಕ ಓಡುವ ಹಳೆ ಪ್ರೋಗ್ರಾಂಗಳು ಮಸುಕಾಗಿಯೇ ಉಳಿದವು. ಅವು 100%ನಲ್ಲಿ ಚಿತ್ರ ಬರೆಯುತ್ತವೆ, ಡೆಸ್ಕ್‌ಟಾಪ್ ಅದನ್ನು ಹಿಗ್ಗಿಸುತ್ತದೆ. ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ ಅಂಥ ಪ್ರೋಗ್ರಾಂಗಳು ತಾವೇ ಸ್ಕೇಲ್ ಮಾಡಿಕೊಳ್ಳಲಿ ಅಂತ ಬಿಡುವ ಆಯ್ಕೆ ಇದೆ. ಅದೊಂದಕ್ಕಾಗಿ ಪ್ಲಾಸ್ಮಾಗೆ ಬದಲಾದೆ, ಇವತ್ತಿಗೂ ಅದರಲ್ಲೇ ಇದ್ದೇನೆ. ಎಲೆಕ್ಟ್ರಾನ್‌ನಲ್ಲಿ (ವೆಬ್ ತಂತ್ರಜ್ಞಾನದಿಂದ ಪ್ರೋಗ್ರಾಂ ಕಟ್ಟುವ ಚೌಕಟ್ಟು) ಮಾಡಿದ ಎಡಿಟರನ್ನು ಮಾತ್ರ ವೇಲ್ಯಾಂಡ್‌ನಲ್ಲೇ ಓಡಿಸುವ ಆಯ್ಕೆ ಕೊಟ್ಟು ತೆರೆಯಬೇಕಾಯಿತು. ಅಕ್ಷರ ತಕ್ಷಣ ಚೂಪಾಯಿತು.

ನಿಮ್ಮ ಬಳಿ ಇರೋದು ಒಂದೇ ಪರದೆ, ಅದಕ್ಕೆ 200% ಸರಿಹೋಗುತ್ತದೆ ಅಂದರೆ ಇಷ್ಟೆಲ್ಲ ಬೇಡ. ಎಕ್ಸ್11ನಲ್ಲೇ ಆರಾಮಾಗಿ ನಡೆಯುತ್ತದೆ.

ಉಳಿದದ್ದು ಡೆಸ್ಕ್‌ಟಾಪ್ ಬರುವ ಮುಂಚಿನ ಕಪ್ಪು ಪರದೆ. ಬರೀ ಅಕ್ಷರ ಕಾಣುವ ಆ ಕನ್ಸೋಲಿಗೆ, ಅಕ್ಷರ ದೊಡ್ಡದಾಗಿ ಕಾಣಲಿ ಅಂತ, ಟರ್ಮಿನಸ್ ಫಾಂಟಿನ 32ರ ಗಾತ್ರ ಹಾಕಿದೆ. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿಗೂ ಅದಕ್ಕೇ 1024x768 ಪಿಕ್ಸೆಲ್ ಕೊಟ್ಟೆ. ಈಗ ಕಂಪ್ಯೂಟರ್ ಏಳದೆ ನಿಂತರೂ, ಯಾಕೆ ನಿಂತಿತು ಅನ್ನೋದನ್ನು ಕುರ್ಚಿಯಲ್ಲಿ ಕೂತೇ ಓದಬಹುದು.