ಮಂಡ್ಯದಲ್ಲಿ ಶಿಶುವಿಹಾರ ತೆರೆದ ಅನುಭವ

ಪೂರ್ವ ಪ್ರಾಥಮಿಕ ಶಾಲೆ ತೆರೆಯಲು ಹೊರಟವರು ನನ್ನನ್ನು ಮೊದಲು ಕೇಳುವುದು ಅನುಮತಿಯ ವಿಷಯವನ್ನು. ಕಟ್ಟಡ ಸರಿಯಾಗಿದ್ದರೆ ಅನುಮತಿಯ ಬಹುಪಾಲು ಕೆಲಸ ಮುಗಿದಂತೆಯೇ ಎಂಬುದು ಮಂಡ್ಯದಲ್ಲಿ ನಮ್ಮ ಶಿಶುವಿಹಾರವನ್ನು ಕಟ್ಟುವಾಗ ನಾನು ಕಂಡುಕೊಂಡ ಸಂಗತಿ.

ಟ್ರಸ್ಟ್ ನೋಂದಣಿ ಕಷ್ಟದ್ದಲ್ಲ. ಟ್ರಸ್ಟ್ ಪತ್ರದ ಉದ್ದೇಶಗಳಲ್ಲಿ ಶಿಕ್ಷಣವೆಂಬುದು ಸ್ಪಷ್ಟವಾಗಿ ನಮೂದಾಗಿರುವಂತೆ ನೋಡಿಕೊಂಡು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದೆವು.

ಹೆಚ್ಚು ಕಾಲ ಹಿಡಿದದ್ದು ಮನೆ ಹುಡುಕಾಟ. ನೆಲಮಹಡಿಯೇ ಆಗಬೇಕು, ಸುತ್ತ ಕಾಂಪೌಂಡ್ ಇರಬೇಕು, ಮಕ್ಕಳ ಎತ್ತರಕ್ಕೆ ಹೊಂದುವ ಶೌಚಾಲಯ ಕಟ್ಟಿಸಲು ಮಾಲೀಕರು ಒಪ್ಪಬೇಕು. ವಿಶಾಲವಾದ ಅಂಗಳವಿದ್ದ ಒಂದು ಮನೆ ಕಡಿಮೆ ಬಾಡಿಗೆಗೆ ಸಿಗುತ್ತಿತ್ತು. ಆದರೆ ಅದರ ಹಿತ್ತಲಿಗೆ ಅಂಟಿಕೊಂಡೇ ನಾಲೆ ಹರಿಯುತ್ತಿತ್ತು, ನಡುವೆ ಗೋಡೆ ಇರಲಿಲ್ಲ. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ 3 ವರ್ಷದ ಮಗುವನ್ನು ಅಲ್ಲಿ ಆಡಲು ಬಿಡುವುದನ್ನು ನಾನು ಊಹಿಸಲಾರದೆ ಹೋದೆ. ಮತ್ತೊಂದು ಮನೆಯ ಗೇಟು ನೇರವಾಗಿ ರಸ್ತೆಗೆ ತೆರೆಯುತ್ತಿತ್ತು. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳು ಸಾಲುಗಟ್ಟುವ ನಮ್ಮ ಊರಿನಲ್ಲಿ ಅದೂ ಆಗದ ಮಾತು. ಕೊನೆಗೆ ಒಳರಸ್ತೆಯಲ್ಲಿ ಸಿಕ್ಕಿದ ಮನೆಗೆ ಬಾಡಿಗೆ ಹೆಚ್ಚಾದರೂ ಅದನ್ನೇ ಹಿಡಿದೆವು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕಾದ್ದರಿಂದ ಮಾಲೀಕರನ್ನು ಮೊದಲೇ ಒಪ್ಪಿಸಿಕೊಂಡೆವು.

ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಅಡಿಯಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಿದಾಗ ಕಟ್ಟಡದ ಸುರಕ್ಷತೆ, ಅಗ್ನಿಸುರಕ್ಷತೆ ಮತ್ತು ನೈರ್ಮಲ್ಯದ ದಾಖಲೆಗಳನ್ನು ಜೊತೆಗಿಟ್ಟೆವು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯವರು ಪರಿಶೀಲನೆಗೆ ಬಂದಾಗ ಹೊಸದಾಗಿ ಸರಿಪಡಿಸಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

ಸಿಬ್ಬಂದಿಯ ವಿಷಯದಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯನ್ನೇ ಆಧಾರವಾಗಿಟ್ಟುಕೊಂಡೆವು: 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ. ಖರ್ಚು ಉಳಿಸಲು ಹಲವರು ಮೊದಲು ಕೈಬಿಡುವುದು ಆಯಾ ಹುದ್ದೆಯನ್ನು. ಒಂದು ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯುವಾಗ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂದು ಅಂಥವರನ್ನು ನಾನು ಕೇಳುತ್ತೇನೆ. ಸೇರಿಸಿಕೊಳ್ಳುವ ಪ್ರತಿಯೊಬ್ಬರಿಗೂ ಪೊಲೀಸ್ ಪರಿಶೀಲನೆ ಮಾಡಿಸಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಹೊಣೆಗಾರಿಕೆಯನ್ನು ತಿಳಿಸಿಕೊಟ್ಟೆವು.

ಪೋಷಕರೊಂದಿಗಿನ ಮಾತುಕತೆಗೆ ಇನ್ನೂ ಹೆಚ್ಚು ತಾಳ್ಮೆ ಬೇಕಾಯಿತು. ಮೂರೂವರೆ ವರ್ಷಕ್ಕೇ ಅಕ್ಷರ ತಿದ್ದಿಸಬೇಕೆಂಬುದು ಅವರ ಅಪೇಕ್ಷೆ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಬುನಾದಿ ಹಂತಕ್ಕೆ ಆಟವನ್ನೇ ಕಲಿಕೆಯ ದಾರಿಯಾಗಿ ಇಟ್ಟಿದೆ ಎಂದು ನಾನು ಅವರಿಗೆ ವಿವರಿಸಿದೆ. ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಕ್ಕಳು ರಾಗಿ, ಹುಣಸೆಬೀಜಗಳನ್ನು ವಿಂಗಡಿಸುತ್ತಾ ಎಣಿಸುವುದನ್ನು ಪೋಷಕರೇ ಕುಳಿತು ನೋಡಿದ್ದು. ಆಟದ ಮೂಲಕ ಕಲಿಸುವುದು ನಮ್ಮ ಸೀಮೆಗೆ ಹೊಸತೂ ಅಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಆರಂಭವಾದಾಗ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ಪಕ್ಕದ ಮೈಸೂರು ಜಿಲ್ಲೆಯ ಟಿ. ನರಸೀಪುರ. ಹಾಡು, ಕಥೆ, ಆಟಗಳಿಂದ ಕಲಿಸುವುದನ್ನು ನಾನು ಕಲಿತದ್ದೂ ಅಂಗನವಾಡಿ ಕಾರ್ಯಕರ್ತೆಯರಿಂದಲೇ.

ಶಾಲೆಗಳು ಜೂನ್ ಹೊತ್ತಿಗೆ ಶುರುವಾಗುವುದರಿಂದ ಏಪ್ರಿಲ್‌ನಲ್ಲೇ ಪೋಷಕರು ಹಣ ಹಿಡಿದು ಬಂದಿದ್ದರು. ನೋಂದಣಿ ಪತ್ರ ಕೈಸೇರುವವರೆಗೆ ಮಕ್ಕಳ ಹೆಸರನ್ನಷ್ಟೇ ಬರೆದುಕೊಂಡೆವು, ಶುಲ್ಕವನ್ನು ಪಡೆಯಲಿಲ್ಲ.